ಅರ್ಧಕ್ಕೆ ನಿಂತ ಉರುಮೆ

ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಹಟ್ಟಿಗಳಲ್ಲಿ ಟಿ.ವಿ. ಸ್ಟ್ಯಾಂಡಿನ ಕೆಳಗಿನ ಖಾನೆ ಎಳೆದರೆ, ಇಲ್ಲವೇ ಮಂಚದಡಿಯ ಟ್ರಂಕಿನ ಮುಚ್ಚಳ ತೆಗೆದರೆ ನಾಲ್ಕಾರು ಡಿವಿಡಿ ಸಿಕ್ಕೇ ಸಿಗುತ್ತವೆ. ಎಷ್ಟೋ ಮನೆಗಳಲ್ಲಿ ಅವನ್ನು ಇವತ್ತಿಗೂ ‘ಕ್ಯಾಸೆಟ್ಟು’ ಎಂದೇ ಕರೆಯುತ್ತಾರೆ. ಮೇಲೊಂದು ಅಂಟಿಸಿದ ಕಾಗದ. ಅದರಲ್ಲಿ ಗಂಡು–ಹೆಣ್ಣಿನ ಫೋಟೊ, ಮುಹೂರ್ತದ ತಾರೀಖು, ಸ್ಟುಡಿಯೊ ಹೆಸರು, ಫೋನ್ ನಂಬರು. ಮದುವೆಯದ್ದೇ ಹೆಚ್ಚು. ಹುಡುಕಿದರೆ ನಾಯಕನಹಟ್ಟಿಯ ತೇರು, ಗೌರಸಮುದ್ರದ ಮಾರಮ್ಮನ ಜಾತ್ರೆ, ಕ್ಯಾತೇದೇವರ ಪರಿಷೆಯಲ್ಲಿ ಕಾಡುಗೊಲ್ಲರು ಬರಿಗಾಲಲ್ಲಿ ಮುಳ್ಳಿನ ಗುಡಿ ಹತ್ತಿ ಕಳಸ ಕೀಳುವುದು, ಇವೂ ಸಿಗುತ್ತವೆ.

ವಿಡಿಯೊ ತೆಗೆಸುವುದು ಹಳ್ಳಿಯವರ ಕೈಗೆಟುಕಿದ ಕಾಲಕ್ಕೂ ಪ್ರತಿ ಜೇಬಿಗೂ ಮೊಬೈಲ್ ಕ್ಯಾಮೆರಾ ಬಂದ ಕಾಲಕ್ಕೂ ನಡುವಿನ ಹತ್ತು ಹನ್ನೆರಡು ವರ್ಷ ಇಲ್ಲಿ ಏನೇನು ನಡೆಯಿತೋ ಅದರ ಚಿತ್ರ ಇರುವುದು ಈ ಬಿಲ್ಲೆಗಳಲ್ಲಿ ಮಾತ್ರ. ಸ್ಟುಡಿಯೊದವರು ಒಂದು ಮದುವೆಯ ಟೇಪಿನ ಮೇಲೆಯೇ ಮುಂದಿನ ಮದುವೆ ಹಿಡಿದರು. ಹಾರ್ಡ್ ಡಿಸ್ಕ್ ತುಂಬಿದಾಗ ಹಳೆಯದನ್ನು ಅಳಿಸಿದರು. ಅವರ ಕಸುಬು ನಡೆಯಬೇಕಾದದ್ದೇ ಹಾಗೆ. ಹಾಗಾಗಿ ಮನೆಗೆ ಕೊಟ್ಟ ಡಿವಿಡಿಯೇ ಮೂಲಪ್ರತಿ, ಅದೇ ಕೊನೆಯ ಪ್ರತಿ.

ಈ ಸೀಮೆಯ ನನ್ನಿವಾಳ ಮ್ಯಾಸನಾಯಕ ಸಮುದಾಯದ ಕಟ್ಟೆಮನೆಯ, ಅಂದರೆ ಕುಲದ ಹಿರಿಯರ ಪೀಠದ, ಊರು. ಮ್ಯಾಸನಾಯಕರಲ್ಲಿ ದೇವರ ಹೆಸರಿಗೆ ಬಿಟ್ಟ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಅವನ್ನು ಕಾಯುವವರು ಕಿಲಾರಿಗಳು. ಅಂಥ ಒಂದು ಕಿಲಾರಿ ಮನೆಯ ಡಿವಿಡಿ ನನ್ನ ಕೈಗೆ ಬಂತು. ಹಬ್ಬದ ದಿನ ಉರುಮೆ ಬಡಿಯುತ್ತ ದೇವರ ಎತ್ತುಗಳನ್ನು ಕರೆತರುತ್ತಾರೆ. ನಡುವೆ, ಈಗ ಇಲ್ಲದ ಹಿರಿಯರೊಬ್ಬರು ತೆಲುಗಿನಲ್ಲಿ ಪದ ಹೇಳುತ್ತಾರೆ. ಮನೆಯ ಡಿವಿಡಿ ಪ್ಲೇಯರ್ ಯಾವತ್ತೋ ಗುಜರಿಗೆ ಹೋಗಿತ್ತು. “ಪೆನ್‌ಡ್ರೈವಿಗೆ ಹಾಕ್ಕೊಡಿ ಸಾರ್, ಟಿ.ವಿ.ಗೆ ಚುಚ್ಚಿ ನೋಡ್ತೀವಿ” ಎಂದ ಆ ಮನೆಯ ಹುಡುಗ.

ಇಂಥ ಕೆಲಸಕ್ಕೆ ಹಳೆಯ ಡೆಸ್ಕ್‌ಟಾಪ್ ಒಳ್ಳೆಯದು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ಡ್ರೈವೇ ಇರುವುದಿಲ್ಲ. ಕಚೇರಿಯಿಂದಲೋ ಸೈಬರ್ ಅಂಗಡಿಯಿಂದಲೋ ಹೊರಬಿದ್ದ ಹಳೆಯ ಯಂತ್ರಗಳಲ್ಲಿ ಇರುತ್ತದೆ. ಅವು ಹೊಸ ವಿಂಡೋಸಿನ ಭಾರ ಹೊರಲಾರವು, ಲಿನಕ್ಸ್ ಹಾಕಿದರೆ ಸಲೀಸಾಗಿ ಓಡುತ್ತವೆ. ಉಬುಂಟು ಹಾಕಿದ ಅಂಥದೊಂದರಲ್ಲಿ ನೋಡಲು ಅಚ್ಚುಕಟ್ಟಾದ ಒಂದು ಬ್ಯಾಕಪ್ ಸಾಫ್ಟ್‌ವೇರ್ ತೆರೆದು ಬಿಲ್ಲೆ ಹಾಕಿದೆ. ಹಸಿರು ಪಟ್ಟಿ ಮುಂದಕ್ಕೆ ಸರಿಯಿತು, ಒಂದು ಕಡೆ ತುಂಬ ಹೊತ್ತು ನಿಂತಿತು, ಮತ್ತೆ ಓಡಿತು, ಕೊನೆಗೆ ‘ಯಶಸ್ವಿಯಾಗಿ ಮುಗಿದಿದೆ’ ಎಂದು ತೋರಿಸಿತು. ಪ್ರತಿಯನ್ನು ಹಾಕಿ ನೋಡಿದರೆ ಹಿರಿಯರು ಪದ ಎತ್ತಿಕೊಳ್ಳುವಷ್ಟರಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ಉರುಮೆಯ ಸದ್ದು ಅರ್ಧ ಬಡಿತಕ್ಕೇ ಕಡಿದಿತ್ತು. ಆಮೇಲಿನದು ಯಾವುದೂ ಇರಲಿಲ್ಲ.

ಡಿವಿಡಿ ಪ್ರತಿ ಮಾಡುವ ಸಾಫ್ಟ್‌ವೇರುಗಳ ಮೇಲೆ ನನಗಿರುವ ದೊಡ್ಡ ದೂರು ಇದೇ. ಓದಲಾಗದ ಜಾಗ ಸಿಕ್ಕಿದಾಗ ಕೆಲವು ಅಲ್ಲೇ ಕೈಬಿಡುತ್ತವೆ. ಅದನ್ನಾದರೂ ಸಹಿಸಬಹುದು, ಕೆಲಸ ಆಗಿಲ್ಲ ಎಂದು ಗೊತ್ತಾಗುತ್ತದೆ. ಇನ್ನು ಕೆಲವು ಸಿಕ್ಕಷ್ಟನ್ನು ಫೈಲಿಗೆ ಹಾಕಿ, ಸಿಗದ್ದನ್ನು ಹೇಳದೆ, ಎಲ್ಲ ಸರಿಯಾಯಿತು ಎನ್ನುತ್ತವೆ. ಆ ಮಾತು ನಂಬಿ ಮನೆಯವರು ಬಿಲ್ಲೆಯನ್ನು ಎಸೆದರೆ ಹೋದದ್ದು ಹೋದ ಹಾಗೆಯೇ. ಬ್ಯಾಕಪ್ ಆಯಿತೋ ಇಲ್ಲವೋ ಎನ್ನುವುದನ್ನು ತೀರ್ಮಾನಿಸಬೇಕಾದದ್ದು ಪ್ರತಿಯನ್ನು ತಿರುಗಿ ಓದಿ ನೋಡಿದ ಮೇಲೆ.

ಬೋರ್‌ವೆಲ್ ನೀರು ನಿಂತರೆ ನಮ್ಮ ಕಡೆಯ ರೈತ ಮೊದಲಿಗೇ ಮೋಟರ್ ಮೇಲೆತ್ತುವುದಿಲ್ಲ. ಮೂರು ಫೇಸ್ ಬಂದಿದೆಯಾ, ಫ್ಯೂಸ್ ಹೋಗಿದೆಯಾ, ಸ್ಟಾರ್ಟರ್ ಹಿಡಿಯುತ್ತಿದೆಯಾ, ಕೇಬಲ್ ಎಲ್ಲಾದರೂ ಸುಟ್ಟಿದೆಯಾ ಎಂದು ಒಂದೊಂದಾಗಿ ನೋಡಿ, ಕೊನೆಗೆ ಪೈಪಿಗೆ ಕೈ ಹಾಕುತ್ತಾನೆ. ಲಿನಕ್ಸಿನಲ್ಲಿ ಡಿವಿಡಿ ಕೈಕೊಟ್ಟಾಗ ಬೇಕಾದದ್ದೂ ಅದೇ ಕ್ರಮ. ಎಲ್ಲಕ್ಕಿಂತ ಕೆಳಗೆ ಬಿಲ್ಲೆ, ಅದರ ಮೇಲೆ ಡ್ರೈವ್, ಆಮೇಲೆ ಕೇಬಲ್ ಮತ್ತು ಕರೆಂಟು, ಆಮೇಲೆ ಲಿನಕ್ಸಿನ ತಿರುಳಾದ ಕರ್ನಲ್, ಅದರ ಮೇಲೆ ಡಿವಿಡಿ ಓದುವ ಲೈಬ್ರರಿ, ತುತ್ತತುದಿಯಲ್ಲಿ ನಮಗೆ ಕಾಣುವ ಸಾಫ್ಟ್‌ವೇರ್. ಕಿಟಕಿಯಲ್ಲಿ ಕಾಣುವ ದೋಷದ ಸಂದೇಶ ಬರುವುದು ತುದಿಯಿಂದ. ಬಹಳ ಸಲ ಅದು ತನಗೆ ಗೊತ್ತಿಲ್ಲದ ವಿಷಯವನ್ನೇ ಹೇಳುತ್ತಿರುತ್ತದೆ.

ಹಾಗಾಗಿ ಮೊದಲು ಕೇಳಬೇಕಾದದ್ದು ಕರ್ನಲನ್ನು. ಟರ್ಮಿನಲ್ ತೆರೆದು ‘ಸುಡೊ ಡಿಮೆಸ್ಜ್’ ಆಜ್ಞೆ ಕೊಟ್ಟರೆ ಕರ್ನಲ್ ಬರೆದಿಟ್ಟ ದಿನಚರಿ ಕಾಣುತ್ತದೆ. ಮೊದಲ ಡಿವಿಡಿ ಡ್ರೈವಿಗೆ ಲಿನಕ್ಸ್ ಇಟ್ಟ ಹೆಸರು ‘ಎಸ್‌ಆರ್0’. ಆ ಹೆಸರಿನ ಸಾಲುಗಳಲ್ಲಿ ‘ಸೆನ್ಸ್ ಕೀ’ ಎಂಬುದನ್ನು ಹುಡುಕಬೇಕು. ಡ್ರೈವ್ ತನ್ನ ಕಷ್ಟವನ್ನು ಕಂಪ್ಯೂಟರಿಗೆ ಹೇಳಿಕೊಳ್ಳುವುದು ಇದರ ಮೂಲಕ. ‘ಮೀಡಿಯಂ ಎರರ್’ ಎಂದಿದ್ದರೆ ಬಿಲ್ಲೆಯ ತಕರಾರು. ‘ಹಾರ್ಡ್‌ವೇರ್ ಎರರ್’ ಎಂದಿದ್ದರೆ ಡ್ರೈವಿನದು. ‘ಇಲ್ಲೀಗಲ್ ರಿಕ್ವೆಸ್ಟ್’ ಎಂದಿದ್ದರೆ ಸಾಫ್ಟ್‌ವೇರ್ ಕೇಳಬಾರದ್ದನ್ನು ಕೇಳಿದೆ ಎಂದರ್ಥ. ಡಿವಿಡಿ ಬರೆಯುವ ಕೆಲವು ಪ್ರೋಗ್ರಾಂಗಳು ಇದನ್ನೇ ಅಂಕಿಯಲ್ಲಿ ಕೊಡುತ್ತವೆ: 2 ಎಂದರೆ ಡ್ರೈವ್ ಇನ್ನೂ ಸಿದ್ಧವಿಲ್ಲ, 3 ಬಿಲ್ಲೆ, 4 ಯಂತ್ರ, 5 ತಪ್ಪು ಕೋರಿಕೆ. ಇಂಗ್ಲಿಷ್ ಬಾರದವರೂ ಈ ನಾಲ್ಕು ಅಂಕಿ ನೆನಪಿಟ್ಟುಕೊಂಡರೆ ಕೆಲಸ ಅರ್ಧ ಮುಗಿದ ಹಾಗೆ.

ಸಾಲುಗಳಲ್ಲಿ ‘ಯುಎಸ್‌ಬಿ ಡಿಸ್ಕನೆಕ್ಟ್’ ಎಂದು ಕಂಡರೆ ಬಿಲ್ಲೆಯನ್ನೂ ಬೈಯಬೇಡಿ, ಸಾಫ್ಟ್‌ವೇರನ್ನೂ ಬೈಯಬೇಡಿ. ಹೊರಗಿನಿಂದ ಚುಚ್ಚುವ ತೆಳು ಡಿವಿಡಿ ಡ್ರೈವ್ ತಿರುಗತೊಡಗುವಾಗ ಜೋರಾಗಿ ಕರೆಂಟ್ ಎಳೆಯುತ್ತದೆ. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್ ಮಾತ್ರ. ಕ್ಯಾಬಿನೆಟ್ಟಿನ ಮುಂಭಾಗದ ಕಿಂಡಿಗೆ ಉದ್ದನೆಯ ಕೇಬಲಿನಲ್ಲಿ ಸಿಕ್ಕಿಸಿದರೆ ನಡುದಾರಿಯಲ್ಲಿ ಸಂಪರ್ಕ ಕಡಿಯುತ್ತದೆ. ಹಿಂಭಾಗದ ಕಿಂಡಿಗೆ, ಗಿಡ್ಡ ಕೇಬಲಿನಲ್ಲಿ ಸಿಕ್ಕಿಸಿದ ಮೇಲೆ ‘ಕೆಟ್ಟುಹೋಗಿದ್ದ’ ಸಾಫ್ಟ್‌ವೇರ್ ಸರಿಹೋದದ್ದನ್ನು ನಾನು ನೋಡಿದ್ದೇನೆ.

ನನ್ನಿವಾಳದ ಬಿಲ್ಲೆಯ ಬಗ್ಗೆ ಕರ್ನಲ್ ಬರೆದಿದ್ದದ್ದು ‘ಮೀಡಿಯಂ ಎರರ್’. ಅದರ ಕೆಳಗೆ, ಓದಿ ಸರಿಪಡಿಸಲಾಗದ ಭಾಗ ಎಂಬ ಒಕ್ಕಣೆ. ಒಂದೇ ಕಡೆ ಅಲ್ಲ, ಬಿಲ್ಲೆಯ ಹೊರ ಅಂಚಿನತ್ತ ಸಾಲುಸಾಲಾಗಿ.

ಹೊರ ಅಂಚಿಗೇ ಯಾಕೆ? ಡಿವಿಡಿಯಲ್ಲಿ ಬರಹ ಶುರುವಾಗುವುದು ಒಳಗಿನಿಂದ, ಮುಗಿಯುವುದು ಅಂಚಿನಲ್ಲಿ. ಬೆರಳು ತಾಗುವುದು ಅಂಚಿಗೆ, ಕೆಳಗಿಟ್ಟಾಗ ಉಜ್ಜುವುದೂ ಅಂಚೇ. 16 ಪಟ್ಟು ವೇಗದಲ್ಲಿ ಬರೆಯುವ ಡ್ರೈವ್ ಆ ವೇಗ ಮುಟ್ಟುವುದೂ ಅಂಚಿನಲ್ಲೇ. ಅಷ್ಟು ವೇಗದಲ್ಲಿ ಅಗ್ಗದ ಬಿಲ್ಲೆಯ ಮೇಲೆ ಬರೆದದ್ದು ಮೊದಲಿಂದಲೇ ಮಸುಕಾಗಿರುತ್ತದೆ. ಇದರ ಮೇಲೆ ಕಾಗದದ ಲೇಬಲ್. ಅದು ಒಂದು ಕೂದಲೆಳೆ ಓರೆಯಾಗಿದ್ದರೂ ತಿರುಗುವಾಗ ಬಿಲ್ಲೆ ಅದುರುತ್ತದೆ. ಆದರೂ ಅಂಟಿದ ಲೇಬಲನ್ನು ಕೀಳಬಾರದು, ಕೀಳುವಾಗ ಬಿಲ್ಲೆಗೇ ಪೆಟ್ಟಾಗುತ್ತದೆ. ಅದರ ಬದಲು ಡ್ರೈವಿನ ವೇಗ ಇಳಿಸಬಹುದು: ಲಿನಕ್ಸಿನ ‘ಇಜೆಕ್ಟ್’ ಆಜ್ಞೆಗೆ ‘ಎಕ್ಸ್’ ಆಯ್ಕೆ ಹಾಕಿ 4 ಎಂದು ಕೊಟ್ಟರೆ ಡ್ರೈವ್ ನಿಧಾನವಾಗಿ ತಿರುಗುತ್ತದೆ. ಅದುರಾಟ ಕಡಿಮೆಯಾದಷ್ಟೂ ಓದು ಚೆನ್ನಾಗಿ ಬರುತ್ತದೆ.

ಸ್ಟುಡಿಯೊದಲ್ಲಿ ಬರೆದ ಡಿವಿಡಿ ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಸಿನಿಮಾ ಡಿವಿಡಿಯಂತಲ್ಲ. ಅದರ ಹೊಟ್ಟೆಯಲ್ಲಿ ಒಂದು ಬಣ್ಣದ ಪದರವಿದೆ, ಲೇಸರ್ ಸುಡುವುದು ಅದನ್ನು. 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟಿಸಿ, ಆ ಪದರವನ್ನು ನಡುವೆ ಕೂರಿಸಿರುತ್ತಾರೆ. ಬೆಳಕು, ಬಿಸಿ, ತೇವ ಮೂರೂ ಆ ಬಣ್ಣಕ್ಕೆ ವೈರಿಗಳು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಗಾಗಿ ಫ್ರೆಡ್ ಬೈಯರ್ಸ್ 2003ರಲ್ಲಿ ಬರೆದ ಕೈಪಿಡಿ, ಬಿಲ್ಲೆಗಳನ್ನು 4ರಿಂದ 20 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಿ ಎನ್ನುತ್ತದೆ. ಚಳ್ಳಕೆರೆಯ ಏಪ್ರಿಲ್ ಬಿಸಿಲಿಗೆ ಕಾದ ಶೀಟಿನ ಮನೆಯಲ್ಲಿ, ಕಬ್ಬಿಣದ ಟ್ರಂಕಿನೊಳಗೆ ಆ ತಂಪು ಎಲ್ಲಿಂದ ಬರಬೇಕು? ಇಷ್ಟು ವರ್ಷ ಈ ಬಿಲ್ಲೆಗಳು ತಡೆದದ್ದೇ ದೊಡ್ಡದು. ಇನ್ನೂ ಹತ್ತು ವರ್ಷ ತಡೆಯುತ್ತವೆ ಎಂದು ಕೂರುವುದು ಬೇಡ.

ಒರೆಸುವುದಕ್ಕೂ ಒಂದು ಪದ್ಧತಿ ಇದೆ. ಮೆತ್ತನೆಯ ಹತ್ತಿಬಟ್ಟೆ ಹಿಡಿದು ನಡುವಿನ ತೂತಿನಿಂದ ಅಂಚಿಗೆ ನೇರ ಎಳೆಯಬೇಕು. ಸುತ್ತಲೂ ಉಜ್ಜಿದರೆ ಆಗುವ ಗೀರು ಬರಹದ ಸಾಲಿನ ಉದ್ದಕ್ಕೇ ಬಿದ್ದು, ಒಂದೇ ಕಡೆಯ ಮಾಹಿತಿಯನ್ನು ಉದ್ದಕ್ಕೆ ನುಂಗುತ್ತದೆ. ಅಡ್ಡಗೀರಾದರೆ ಪ್ರತಿ ಸಾಲಿನಲ್ಲೂ ಚೂರು ಚೂರು ಹೋಗುತ್ತದೆ, ಅಷ್ಟನ್ನು ಡ್ರೈವ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಡಿವಿಡಿಯಲ್ಲಿ 2048 ಬೈಟುಗಳ 16 ಸೆಕ್ಟರ್‌ಗಳನ್ನು ಒಂದು ಕಟ್ಟಾಗಿ ಕಟ್ಟಿ, ಹೋದದ್ದನ್ನು ತಿರುಗಿ ಲೆಕ್ಕ ಹಾಕಲು ಬೇಕಾದ ಹೆಚ್ಚುವರಿ ಅಂಕಿಗಳನ್ನು ಜೊತೆಗೇ ಬರೆದಿರುತ್ತಾರೆ. ಪೆಟ್ಟು ಆ ಲೆಕ್ಕಕ್ಕೂ ಮೀರಿದಾಗ 16 ಸೆಕ್ಟರ್‌ಗಳ ಇಡೀ ಕಟ್ಟು, ಅಂದರೆ 32 ಕಿಲೋಬೈಟ್, ಒಟ್ಟಿಗೇ ಕೈತಪ್ಪುತ್ತದೆ.

32 ಕಿಲೋಬೈಟ್ ಎಂದರೆ ಎಷ್ಟು ಚಿತ್ರ? ಇದನ್ನು ತಿಳಿದುಕೊಂಡರೆ ಧೈರ್ಯ ಬರುತ್ತದೆ. ಡಿವಿಡಿಯ ವಿಡಿಯೊ ಕೂಡ 2048 ಬೈಟುಗಳ ಪೊಟ್ಟಣಗಳಲ್ಲೇ ಇರುತ್ತದೆ, ಒಂದು ಸೆಕ್ಟರಿಗೆ ಒಂದು ಪೊಟ್ಟಣ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟು. ಹೆಚ್ಚೆಂದರೆ 15 ಚೌಕಟ್ಟಿಗೊಮ್ಮೆ ಒಂದು ಪೂರ್ಣ ಚಿತ್ರ ಬರಲೇಬೇಕೆಂಬ ನಿಯಮವಿದೆ. ಹಾಗಾಗಿ ಒಂದು ಕಟ್ಟು ಹೋದರೆ ಪರದೆ ಕೆಡುವುದು ಸುಮಾರು ಅರ್ಧ ಸೆಕೆಂಡು, ಅಷ್ಟೇ. ಆಮೇಲೆ ಚಿತ್ರ ತಾನಾಗಿ ಕೂಡಿಕೊಳ್ಳುತ್ತದೆ. ಅರ್ಧ ಸೆಕೆಂಡಿನ ಪೆಟ್ಟಿಗೆ ಹೆದರಿ ಅರ್ಧ ಗಂಟೆಯ ಹಬ್ಬವನ್ನು ಬಿಟ್ಟುಬರುವ ಸಾಫ್ಟ್‌ವೇರ್ ಈ ಕೆಲಸಕ್ಕೆ ತಕ್ಕದ್ದಲ್ಲ.

ತಕ್ಕ ಸಾಧನ ಇದೆ. ಹೆಸರು ಡಿಡಿರೆಸ್ಕ್ಯೂ. ಗ್ನು ಯೋಜನೆಗಾಗಿ ಇದನ್ನು ಬರೆದು ನೋಡಿಕೊಳ್ಳುತ್ತಿರುವವರು ಆಂಟೋನಿಯೊ ಡಿಯಾಸ್ ಡಿಯಾಸ್. ಉಬುಂಟು, ಡೆಬಿಯನ್‌ಗಳಲ್ಲಿ ಹಾಕಿಕೊಳ್ಳುವಾಗ ‘ಜಿಡಿಡಿರೆಸ್ಕ್ಯೂ’ ಎಂಬ ಪ್ಯಾಕೇಜನ್ನು ಕೇಳಬೇಕು. ಹೆಚ್ಚುಕಡಿಮೆ ಇದೇ ಹೆಸರಿನ ಇನ್ನೊಂದು ಪ್ರೋಗ್ರಾಂ ಇದೆ, ಅದು ಬೇರೆ. ಬಣ್ಣದ ಗುಂಡಿಗಳಿಲ್ಲ, ಟರ್ಮಿನಲ್‌ನಲ್ಲಿ ಓಡುವ ಕಪ್ಪು ಪರದೆಯ ಕೆಲಸ. ಆದರೆ ಅದರ ಬುದ್ಧಿ ನನಗೆ ಬಹಳ ಮೆಚ್ಚುಗೆಯಾದದ್ದು.

ಬಿಲ್ಲೆಯಲ್ಲಿ ಯಾವ ಫೈಲಿದೆ, ಅದು ಮದುವೆಯೋ ಜಾತ್ರೆಯೋ ಅದಕ್ಕೆ ಬೇಕಿಲ್ಲ. ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇದ್ದದ್ದನ್ನು ಇದ್ದ ಹಾಗೆ ಒಂದೇ ದೊಡ್ಡ ಐಎಸ್‌ಒ ಫೈಲಾಗಿ ಇಳಿಸುತ್ತದೆ. ಡಿವಿಡಿಯ ಅಳತೆಗೆ ಹೊಂದುವಂತೆ ‘ಬಿ’ ಆಯ್ಕೆಗೆ 2048 ಕೊಡಬೇಕು. ಮೊದಲ ಸುತ್ತಿಗೆ ‘ಎನ್’ ಎಂದು ಸೇರಿಸಿದರೆ ಸುಲಭವಾಗಿ ಬರುವುದನ್ನೆಲ್ಲ ಮೊದಲು ತಂದು, ಕಷ್ಟದ ಜಾಗವನ್ನು ಕೆದಕದೆ ಮುಂದೆ ಹೋಗುತ್ತದೆ. ಸಾಯುತ್ತಿರುವ ಡ್ರೈವಿನಲ್ಲಿ ಇದು ದೊಡ್ಡ ಮಾತು. ಕೆಟ್ಟ ಒಂದು ಚೂರಿಗೆ ಹಟ ಹಿಡಿದು, ಅಷ್ಟರಲ್ಲಿ ಡ್ರೈವೇ ಕೈಕೊಟ್ಟರೆ ಒಳ್ಳೆಯದೂ ಸಿಗದೆ ಹೋಗುತ್ತದೆ. ಎರಡನೆಯ ಸುತ್ತಿಗೆ ‘ಡಿ’ ಆಯ್ಕೆ ಹಾಕಿ, ‘ಆರ್’ ಆಯ್ಕೆಗೆ 3 ಕೊಟ್ಟರೆ ಉಳಿದ ಜಾಗಗಳಿಗೆ ಮಾತ್ರ ಹಿಂತಿರುಗಿ, ಮೂರು ಮೂರು ಸಲ ಪ್ರಯತ್ನಿಸುತ್ತದೆ.

ಇದೆಲ್ಲದರ ಪ್ರಾಣ ಇರುವುದು ‘ಮ್ಯಾಪ್ ಫೈಲ್’ ಎಂಬ ಪುಟ್ಟ ಪಠ್ಯ ಫೈಲಿನಲ್ಲಿ. ಯಾವ ಜಾಗ ಬಂದಿದೆ, ಯಾವುದು ಬಾಕಿ, ಯಾವುದು ಕೆಟ್ಟಿದೆ ಎಂದು ಅದರಲ್ಲಿ ಬರೆದಿಡುತ್ತದೆ. ನಮ್ಮ ಕಡೆ ಕರೆಂಟು ಹೋಗುವುದು ಹೊಸತಲ್ಲ. ಹೋದರೂ ಚಿಂತೆಯಿಲ್ಲ, ಬಂದ ಮೇಲೆ ಅದೇ ಮ್ಯಾಪ್ ಫೈಲ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಅದಕ್ಕಿಂತ ಹೆಚ್ಚಿನ ಉಪಯೋಗ ಇನ್ನೊಂದಿದೆ: ಬಿಲ್ಲೆಯನ್ನು ಬೇರೆ ಡ್ರೈವಿಗೆ ಹಾಕಿ ಅದೇ ಮ್ಯಾಪ್ ಮುಂದುವರಿಸಬಹುದು. ಒಂದು ಡ್ರೈವಿನ ಲೇಸರಿಗೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ. ನನ್ನಿವಾಳದ ಬಿಲ್ಲೆಯಲ್ಲಿ ಆದದ್ದು ಹಾಗೆಯೇ. ಡೆಸ್ಕ್‌ಟಾಪಿನ ಡ್ರೈವ್ ಬಹುಪಾಲು ತಂದುಕೊಟ್ಟಿತು. ಅದು ಸೋತ ಜಾಗಗಳಲ್ಲಿ ಹೆಚ್ಚಿನವನ್ನು ಹಳೆಯ ಲ್ಯಾಪ್‌ಟಾಪೊಂದರ ಡ್ರೈವ್ ಓದಿತು. ಉಳಿದದ್ದು ಅಲ್ಲೊಂದು ಇಲ್ಲೊಂದು ತೂತು. ಹಿರಿಯರ ಪದ ಪೂರ್ತಿ ಕೇಳಿಸಿತು. ನಡುವೆ ಎರಡು ಕಡೆ ಚಿತ್ರ ಮಿನುಗಿ ಮುಂದೆ ಹೋಗುತ್ತದೆ, ದನಿ ಕಡಿಯುವುದಿಲ್ಲ.

ಇಷ್ಟಾದ ಮೇಲೂ ಐಎಸ್‌ಒ ಫೈಲ್ ತೆರೆದಾಗ ಮೆನು ಬರಲಿಲ್ಲ. ಇಲ್ಲಿ ಡಿವಿಡಿ ರೂಪಿಸಿದವರ ಮುಂದಾಲೋಚನೆಗೆ ಕೈ ಮುಗಿಯಬೇಕು. ಡಿವಿಡಿಯ ವಿಡಿಯೊ ಫೋಲ್ಡರಿನಲ್ಲಿ ಮೂರು ಬಗೆಯ ಫೈಲುಗಳಿರುತ್ತವೆ. ವಿಒಬಿ ಎಂಬುವು ಚಿತ್ರ–ಧ್ವನಿ, ಒಂದೊಂದೂ ಹೆಚ್ಚೆಂದರೆ 1 ಜಿಬಿ. ಐಎಫ್‌ಒ ಎಂಬುದು ದಾರಿ ತೋರುವ ಫೈಲು: ಎಷ್ಟು ಅಧ್ಯಾಯ, ಯಾವುದು ಎಲ್ಲಿಂದ ಶುರು. ಅದು ಕೆಟ್ಟರೆ ಚಿತ್ರವೆಲ್ಲ ಇದ್ದೂ ಪ್ಲೇಯರ್ ಕುರುಡಾಗುತ್ತದೆ. ಅದಕ್ಕೇ ಬಿಯುಪಿ ಎಂಬ ಮೂರನೆಯ ಫೈಲು, ಐಎಫ್‌ಒದ ತದ್ರೂಪ. ಒಂದೇ ಗೀರಿಗೆ ಎರಡೂ ಸಿಕ್ಕದಿರಲಿ ಎಂದು ಅದನ್ನು ಬೇರೆ ಕಟ್ಟಿನಲ್ಲಿ ಬರೆದಿರುತ್ತಾರೆ. ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ನಕಲಿಸಿಕೊಂಡು, ಕೆಟ್ಟ ಐಎಫ್‌ಒವನ್ನು ಸರಿಸಿ, ಬಿಯುಪಿಯ ಒಂದು ಪ್ರತಿಗೆ ಅದರ ಹೆಸರಿಟ್ಟರೆ ಸಾಕು, ಮೆನು ಮರಳಿ ಬರುತ್ತದೆ. ರಿಪೇರಿಯೆಲ್ಲ ಪ್ರತಿಯ ಮೇಲೆಯೇ ನಡೆಯಬೇಕು, ಬಿಲ್ಲೆಯನ್ನು ಮತ್ತೆ ಮತ್ತೆ ತಿರುಗಿಸುತ್ತ ಅಲ್ಲ.

ಇನ್ನು ಕೆಲವು ಬಿಲ್ಲೆಗಳನ್ನು ಹಾಕಿದರೆ ಕಂಪ್ಯೂಟರ್ ಖಾಲಿ ಎನ್ನುತ್ತದೆ. ಆಗ ‘ಡಿವಿಡಿ ಪ್ಲಸ್ ಆರ್‌ಡಬ್ಲ್ಯು ಮೀಡಿಯಾಇನ್ಫೊ’ ಎಂಬ ಆಜ್ಞೆಯಿಂದ ಬಿಲ್ಲೆಯ ಸ್ಥಿತಿ ಕೇಳಿ. ‘ಕಂಪ್ಲೀಟ್’ ಎನ್ನುವ ಬದಲು ‘ಅಪೆಂಡೆಬಲ್’ ಎಂದರೆ ಬರೆದವರು ಕೊನೆಯ ಮೊಹರು ಹಾಕಿಲ್ಲ, ಅಂದರೆ ಫೈನಲೈಸ್ ಮಾಡಿಲ್ಲ. ನೇರವಾಗಿ ಡಿವಿಡಿಗೆ ಹಿಡಿಯುತ್ತಿದ್ದ ರೆಕಾರ್ಡರ್ ಮತ್ತು ಹ್ಯಾಂಡಿಕ್ಯಾಮ್‌ಗಳಲ್ಲಿ ಇದು ಸಾಮಾನ್ಯ. ಚಿತ್ರ ಒಳಗೇ ಇರುತ್ತದೆ. ಅದೇ ಮಾದರಿಯ ರೆಕಾರ್ಡರ್ ಸಿಕ್ಕರೆ ಅದರಲ್ಲಿ ಫೈನಲೈಸ್ ಮಾಡಿಸಿ. ಖಾಲಿ ಎಂದುಕೊಂಡು ಎಸೆಯಬೇಡಿ.

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಯ ಕಥೆ ಬೇರೆ. ಅದಕ್ಕೆ ಸಿಎಸ್‌ಎಸ್ ಎಂಬ 40 ಬಿಟ್ಟಿನ ಬೀಗ ಇರಬಹುದು. ಲಿನಕ್ಸ್‌ನಲ್ಲಿ ಆ ಬೀಗ ತೆರೆಯಲು ಅಧಿಕೃತ ದಾರಿ ಇಲ್ಲದಿದ್ದ ಕಾಲದಲ್ಲಿ, 1999ರಲ್ಲಿ, ನಾರ್ವೆಯ ಯೊನ್ ಲೆಕ್ ಯೊಹಾನ್ಸೆನ್ ಎಂಬ ಹುಡುಗ ಮತ್ತವನ ಜೊತೆಗಾರರು ಡಿಸಿಎಸ್‌ಎಸ್ ಎಂಬ ಪ್ರೋಗ್ರಾಂ ಹೊರಬಿಟ್ಟರು. ಆತನ ಮೇಲೆ ಮೊಕದ್ದಮೆ ಹೂಡಿದರು. ತಾನು ಕೊಂಡ ಡಿವಿಡಿ ತಾನು ನೋಡಿದ್ದು ಅಪರಾಧವಲ್ಲ ಎಂದು 2003ರ ಜನವರಿಯಲ್ಲಿ ಓಸ್ಲೊ ನ್ಯಾಯಾಲಯ ಅವನನ್ನು ಬಿಟ್ಟಿತು. ಮೇಲ್ಮನವಿಯಲ್ಲೂ ಅದೇ ವರ್ಷ ಡಿಸೆಂಬರಿನಲ್ಲಿ ಗೆದ್ದ. ಈಗ ಆ ಕೆಲಸ ಮಾಡುವುದು ವಿಡಿಯೊಲ್ಯಾನ್ ತಂಡದ ಲಿಬ್‌ಡಿವಿಡಿಸಿಎಸ್‌ಎಸ್. ಉಬುಂಟು ಇದನ್ನು ತನ್ನ ಜೊತೆ ಕೊಡುವುದಿಲ್ಲ. ‘ಲಿಬ್‌ಡಿವಿಡಿ–ಪಿಕೆಜಿ’ ಹಾಕಿ, ಅದು ಹೇಳುವ ಇನ್ನೊಂದು ಆಜ್ಞೆ ಓಡಿಸಿದ ಮೇಲೆಯೇ ಬರುತ್ತದೆ. ಹೊಸದಾಗಿ ಲಿನಕ್ಸ್ ಹಾಕಿಕೊಂಡವರ ‘ಸಾಫ್ಟ್‌ವೇರ್ ಕೆಟ್ಟಿದೆ’ ಎಂಬ ದೂರುಗಳಲ್ಲಿ ಎಷ್ಟೋ ಇಷ್ಟರಿಂದಲೇ ತೀರುತ್ತವೆ. ಗುರುತು ಹಿಡಿಯುವುದೂ ಸುಲಭ: ಸೆನ್ಸ್ ಕೀ 5, ಅದರ ಮುಂದೆ ‘6ಎಫ್’. ಕೊನೆಯಲ್ಲಿ 03 ಇದ್ದರೆ ಬೀಗ ತೆರೆದಿಲ್ಲ, 04 ಇದ್ದರೆ ಪ್ರದೇಶದ ಸಂಖ್ಯೆ (ರೀಜನ್ ಕೋಡ್) ಹೊಂದಿಲ್ಲ. ಭಾರತದ್ದು 5ನೆಯ ಪ್ರದೇಶ. ಡ್ರೈವಿನಲ್ಲಿ ಈ ಸಂಖ್ಯೆಯನ್ನು ಐದೇ ಸಲ ಬದಲಿಸಬಹುದು, ಸುಮ್ಮನೆ ಆಡಿಸಬಾರದು. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ 2012ರ ತಿದ್ದುಪಡಿಯಿಂದ ಬಂದ 65ಎ ಕಲಂ, ಹಕ್ಕು ಕದಿಯುವ ಉದ್ದೇಶದಿಂದ ಇಂಥ ಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ. ಮದುವೆ, ಜಾತ್ರೆಯ ಬಿಲ್ಲೆಗಳಿಗೆ ಬೀಗವೇ ಇರುವುದಿಲ್ಲ, ಆ ಮಾತೇ ಬರುವುದಿಲ್ಲ.

ಪ್ರತಿಯನ್ನು ಮತ್ತೆ ಡಿವಿಡಿಗೇ ಬರೆಯುತ್ತೇನೆ ಎನ್ನುವವರಿಗೆ ಎರಡು ಮಾತು. ಕೆ3ಬಿಯಂಥ ಸಾಫ್ಟ್‌ವೇರ್ ಹೊರಗಿನ ಅಂಗಿ ಮಾತ್ರ, ಡಿವಿಡಿ ಬರೆಯುವ ಕೆಲಸ ಬಹುಪಾಲು ಗ್ರೋಐಸೊಎಫ್‌ಎಸ್ ಎಂಬ ಬೇರೆ ಪ್ರೋಗ್ರಾಂನದು. ದೋಷ ಬಂದಾಗ ವಿವರದ ಗುಂಡಿ ಒತ್ತಿ ಅದರ ಸಾಲುಗಳನ್ನು ಓದಿ. ಸೋತಾಗ ಅದು ಸಾಲಿನ ಮೊದಲಲ್ಲಿ ಅಳುಮುಖದ ಚಿಹ್ನೆ ಹಾಕುತ್ತದೆ, ಹುಡುಕುವುದು ಕಷ್ಟವಲ್ಲ. ಇನ್ನೊಂದು, ‘ಜಾಗ ಸಾಲದು’ ಎಂಬ ದೂರು. ಡಿವಿಡಿ ಮೈನಸ್ ಆರ್, ಡಿವಿಡಿ ಪ್ಲಸ್ ಆರ್ ಎರಡರ ಮೇಲೂ 4.7 ಜಿಬಿ ಎಂದೇ ಅಚ್ಚಾಗಿದ್ದರೂ ಮೈನಸ್ ಜಾತಿಯ ಬಿಲ್ಲೆ ಹಿಡಿಯುವುದು 4,70,73,19,808 ಬೈಟು, ಪ್ಲಸ್ ಜಾತಿಯದು 4,70,03,72,992. ಅಂಚಿನವರೆಗೆ ತುಂಬಿದ ಮೈನಸ್ ಬಿಲ್ಲೆಯ ಪ್ರತಿ ಪ್ಲಸ್ ಬಿಲ್ಲೆಗೆ ಹಿಡಿಸುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಮತ್ತೆ ಬಿಲ್ಲೆಗೆ ಬರೆಯುವುದೇ ಬೇಡ.

ಪೆನ್‌ಡ್ರೈವಿಗೆ ಹಾಕುವಾಗ ಕಾಡುವುದು ಇನ್ನೊಂದು ಗೋಡೆ. ಫೈಲ್ ಸರಿಯಾಗಿ 4 ಜಿಬಿ ಮುಟ್ಟಿದ ಕೂಡಲೇ ನಕಲು ನಿಲ್ಲುತ್ತದೆ. ಅಂಗಡಿಯಿಂದ ತಂದ ಪೆನ್‌ಡ್ರೈವುಗಳಲ್ಲಿ ಅನೇಕವಕ್ಕೆ ಫ್ಯಾಟ್32 ವಿನ್ಯಾಸ ಇರುತ್ತದೆ. ಅದರಲ್ಲಿ ಒಂದು ಫೈಲು 4,29,49,67,295 ಬೈಟಿಗಿಂತ ದೊಡ್ಡದಾಗುವಂತಿಲ್ಲ. ತುಂಬಿದ ಡಿವಿಡಿಯ ಐಎಸ್‌ಒ ಅದಕ್ಕಿಂತ ದೊಡ್ಡದು. ಹಾಗಾಗಿ ಐಎಸ್‌ಒವನ್ನು ಹಾರ್ಡ್ ಡಿಸ್ಕಿನಲ್ಲಿ ಹಾಗೇ ಉಳಿಸಿಕೊಂಡು, ಟಿ.ವಿ.ಗೆ ಬೇಕಾದ ಎಂಪಿ4 ಪ್ರತಿಯನ್ನು ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಬೇರೆ ಮಾಡಿಕೊಳ್ಳಬೇಕು. ಆಗ ‘ಡಿಇಂಟರ್ಲೇಸ್’ ಆಯ್ಕೆ ಮರೆಯಬೇಡಿ. ಮರೆತರೆ ಓಡುವ ಎತ್ತಿನ ಕಾಲುಗಳೆಲ್ಲ ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತವೆ.

ಮುಗಿದ ಮೇಲೆ ಎಸ್‌ಎಚ್‌ಎ256 ಎಂಬ ಲೆಕ್ಕ ತೆಗೆದು ಬರೆದಿಡಬೇಕು. ಫೈಲಿನ ಒಂದು ಬಿಟ್ ಬದಲಾದರೂ ಆ ಲೆಕ್ಕ ಬದಲಾಗುತ್ತದೆ. ಎರಡು ಹಾರ್ಡ್ ಡಿಸ್ಕುಗಳಲ್ಲಿ ಎರಡು ಪ್ರತಿ, ಎರಡೂ ಬೇರೆ ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆ ಲೆಕ್ಕ ತಾಳೆ ನೋಡುವುದು. ಆಮೇಲೆ ಕೂತು, ಮೊದಲಿಂದ ಕೊನೆಯವರೆಗೆ ವಿಡಿಯೊ ನೋಡುವುದು.

ಇಷ್ಟು ಶ್ರಮ ಯಾಕೆ ಎಂದು ಕೇಳುವವರಿಗೆ ಹೇಳಬೇಕಾದದ್ದಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡು ನೆನಪಿಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರಂಥವರು ಕೂತು ದಾಖಲಿಸಿದ್ದರಿಂದ ಅವು ನಮಗೆ ಉಳಿದವು. ಹಾಗೆ ವಿದ್ವಾಂಸರು ತಲುಪದ ಹಾಡುಗಾರರು, ಉರುಮೆಯವರು, ಕಿಲಾರಿಗಳು ಈ ಸೀಮೆಯಲ್ಲಿ ಎಷ್ಟೋ ಜನ. ಅವರನ್ನು ಹಿಡಿದಿಟ್ಟದ್ದು ಮದುವೆ ವಿಡಿಯೊದವರು. ನೆಲದ ವಿಷಯವೂ ಹಾಗೆಯೇ. ಕುದಾಪುರ, ವರವು, ಉಳ್ಳಾರ್ತಿಯ ಅಮೃತಮಹಲ್ ಕಾವಲುಗಳಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಕಾಂಪೌಂಡ್ ಏಳುವ ಮುಂಚೆ ದನಕುರಿಗಳು ಎಲ್ಲಿ ಮೇಯುತ್ತಿದ್ದವು, ಯಾವ ದಾರಿಯಲ್ಲಿ ಹೋಗುತ್ತಿದ್ದವು ಎನ್ನುವುದು ಹಬ್ಬದ ವಿಡಿಯೊಗಳ ಹಿನ್ನೆಲೆಯಲ್ಲಿ ಕಾಣಸಿಗಬಹುದು. ಅದನ್ನು ಯಾರೂ ಬೇಕೆಂದು ಚಿತ್ರಿಸಿರುವುದಿಲ್ಲ, ಹಾಗಾಗಿಯೇ ಅದಕ್ಕೆ ಸಾಕ್ಷ್ಯದ ಬೆಲೆ ಇದೆ.

ಹಾಗೆಂದು ಉಳಿಸಿದ್ದನ್ನೆಲ್ಲ ಯೂಟ್ಯೂಬಿಗೆ ಎತ್ತಿಹಾಕುವುದನ್ನು ನಾನು ಒಪ್ಪುವುದಿಲ್ಲ. ಗುಡಿಯೊಳಗಿನ ಆಚರಣೆ, ಮೀಸಲಿನ ವಸ್ತು, ಹೆಂಗಸರ ಖಾಸಗಿ ಗಳಿಗೆ, ಇವನ್ನು ಹೊರಗಿನವರಿಗೆ ತೋರಿಸಬೇಕೋ ಬೇಡವೋ ಎನ್ನುವುದನ್ನು ಕಟ್ಟೆಮನೆಯ ಹಿರಿಯರು, ಆ ಮನೆಯವರು ಹೇಳಬೇಕು. ಪ್ರತಿ ಅವರದು.

ಇನ್ನು ಹೆಸರಿನ ಮಾತು. ಕನ್ನಡದಲ್ಲಿ ಫೈಲಿಗೆ ಹೆಸರಿಡುವುದು ನನಗೆ ಇಷ್ಟ, ಆದರೆ ಚಿಕ್ಕದಾಗಿ ಇಡಬೇಕು. ನನ್ನಿವಾಳ ಎಂದು ಬರೆದರೆ ಕಣ್ಣಿಗೆ ನಾಲ್ಕು ಅಕ್ಷರ; ಯುನಿಕೋಡಿನಲ್ಲಿ ಎಂಟು ಸಂಕೇತ, ಲಿನಕ್ಸ್ ಡಿಸ್ಕಿನ ಮೇಲೆ 24 ಬೈಟು. ಲಿನಕ್ಸಿನ ಇಎಕ್ಸ್‌ಟಿ4 ವಿನ್ಯಾಸದಲ್ಲಿ ಫೈಲಿನ ಹೆಸರು 255 ಬೈಟು ಮೀರುವಂತಿಲ್ಲ, ಅಂದರೆ ಕನ್ನಡದ 85 ಸಂಕೇತ. ಬಿಲ್ಲೆಗೆ ಬರೆಯುವಾಗ ಬಳಸುವ ಜೋಲಿಯೆಟ್ ಪದ್ಧತಿಯಲ್ಲಿ 64ಕ್ಕೇ ಮಿತಿ. ಊರು, ಹಬ್ಬ, ದೇವರು, ಮನೆತನ, ತಾರೀಖು ಎಲ್ಲ ಸೇರಿಸಿ ಉದ್ದ ಹೆಸರಿಟ್ಟರೆ ಹಳೆಯ ಸಾಫ್ಟ್‌ವೇರುಗಳು ಒತ್ತಕ್ಷರದ ನಡುವೆಯೇ ಕತ್ತರಿಸುತ್ತವೆ, ಇಲ್ಲವೇ ಬ್ಯಾಕಪ್ಪನ್ನೇ ನಿಲ್ಲಿಸುತ್ತವೆ. ಹೆಸರಲ್ಲಿ ಊರು ಮತ್ತು ವರ್ಷ ಇದ್ದರೆ ಸಾಕು. ಉಳಿದದ್ದನ್ನು ಪಕ್ಕದಲ್ಲೇ ಒಂದು ಸಾದಾ ಪಠ್ಯ ಫೈಲಿನಲ್ಲಿ ಬರೆದಿಡಿ.

ಆ ಪಠ್ಯ ಫೈಲು ತುಂಬಿಸುವುದೇ ಕೊನೆಯ ಕೆಲಸ, ಅದಕ್ಕೆ ಯಾವ ಸಾಫ್ಟ್‌ವೇರೂ ಇಲ್ಲ. ನನ್ನಿವಾಳದ ವಿಡಿಯೊವನ್ನು ಆ ಮನೆಯ ಅಜ್ಜನ ಮುಂದೆ ಹಾಕಿ, ಮೊಮ್ಮಗನ ಕೈಗೆ ಕೀಬೋರ್ಡ್ ಕೊಟ್ಟೆವು. “ತಾತ, ಈ ಉರುಮೆ ಬಡಿಯೋರು ಯಾರು?” ಎಂದು ಹುಡುಗ ನಿಲ್ಲಿಸಿ ನಿಲ್ಲಿಸಿ ಕೇಳಿದ. “ತಡಿಯೋ, ಹಿಂದಕ್ಕೆ ಬಿಡು. ಅಗಾ, ಆ ಮುಂದ್ಲೆತ್ತು ಐತಲ್ಲ, ಮೊದ್ಲು ಅದರ ಹೆಸರು ಬರ್ಕೊ” ಎಂದರು ಅವರು. ನಿಮಿಷ, ಸೆಕೆಂಡು, ಎದುರಿಗೆ ಹೆಸರು. ಎತ್ತುಗಳದ್ದು ಮೊದಲು, ಮನುಷ್ಯರದ್ದು ಆಮೇಲೆ. ಗೊತ್ತಾಗದ ಮುಖಗಳ ಎದುರು ಹುಡುಗ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾನೆ. ಊರಿನ ಇನ್ನೊಂದು ಕೇರಿಯ ಅಜ್ಜಿಗೆ ಅವು ಗೊತ್ತಿರಬಹುದಂತೆ. ಪೆನ್‌ಡ್ರೈವ್ ಈಗ ಅವರ ಮನೆಯಲ್ಲಿದೆ.